ಮುಖ ಸಡಿಲಿಸದ ಬ್ಯಾಟ್‌ಮನ್: 1966ರ ಧಾರಾವಾಹಿ ನಗಿಸುತ್ತಿದ್ದ ಬಗೆ

ರಾತ್ರಿಯ ನೃತ್ಯ ಕ್ಲಬ್ಬೊಂದರ ಬಾಗಿಲು ತೆರೆದು ಒಬ್ಬಾತ ಒಳಗೆ ಬರುತ್ತಾನೆ. ತಲೆಗೆ ಎರಡು ಚೂಪು ಕಿವಿಯ ಮುಸುಕು, ಹೆಗಲಿನಿಂದ ಇಳಿಬಿದ್ದ ಹೊಳೆಯುವ ನೀಲಿ ಹೊದಿಕೆ, ಮೈಗಂಟಿದ ಬೂದು ಬಣ್ಣದ ಉಡುಪು, ಸೊಂಟಕ್ಕೆ ಹಳದಿ ಪಟ್ಟಿ, ಎದೆಯ ಮೇಲೆ ಬಾವಲಿಯ ಚಿತ್ರ. ಕ್ಲಬ್ಬಿನ ಮೇಲ್ವಿಚಾರಕ ಎದುರು ಬಂದು, ಮುಂದಿನ ಸಾಲಿನಲ್ಲಿ ಮೇಜು ಕೊಡಲೇ ಎಂದು ವಿಚಾರಿಸುತ್ತಾನೆ. ಬೇಡ, ಬಾರ್ ಕಟ್ಟೆಯ ಹತ್ತಿರವೇ ನಿಲ್ಲುತ್ತೇನೆ, ಜನ ನನ್ನನ್ನು ಗಮನಿಸುವುದು ಬೇಡ ಎನ್ನುತ್ತಾನೆ ಬಂದವನು. ಆಮೇಲೆ ಒಂದು ದೊಡ್ಡ ಲೋಟ ಕಿತ್ತಳೆ ರಸ ತರಿಸಿಕೊಳ್ಳುತ್ತಾನೆ. ಅವನ ಜೊತೆಗಾರ ರಾಬಿನ್ ಹೊರಗೆ ಕಾರಿನಲ್ಲೇ ಕುಳಿತಿದ್ದಾನೆ, ಏಕೆಂದರೆ ಅವನಿಗೆ ಇನ್ನೂ ವಯಸ್ಸಾಗಿಲ್ಲ, ಕಾನೂನಿನ ಪ್ರಕಾರ ಬಾರಿನೊಳಗೆ ಬರುವಂತಿಲ್ಲ.

1966ರ ಜನವರಿ 12, ಬುಧವಾರ. ಅಮೆರಿಕದ ಎಬಿಸಿ ವಾಹಿನಿಯಲ್ಲಿ 'ಬ್ಯಾಟ್‌ಮನ್' ಧಾರಾವಾಹಿಯ ಮೊದಲ ಕಂತು ಪ್ರಸಾರವಾದ ದಿನ ಅದು. ಆ ದೃಶ್ಯದಲ್ಲಿ ಯಾರೂ ನಗುವುದಿಲ್ಲ. ಮೇಲ್ವಿಚಾರಕ ನಗುವುದಿಲ್ಲ, ಕ್ಲಬ್ಬಿನ ಗಿರಾಕಿಗಳು ನಗುವುದಿಲ್ಲ, ಬ್ಯಾಟ್‌ಮನ್ ಅಂತೂ ನಗುವುದೇ ಇಲ್ಲ. ಆ ಕಾಲದ ಅಮೆರಿಕದ ಹಾಸ್ಯ ಧಾರಾವಾಹಿಗಳಲ್ಲಿ ಮಾತು ಮಾತಿಗೂ ಕೇಳಿಬರುತ್ತಿದ್ದ ರೆಕಾರ್ಡ್ ಮಾಡಿದ ನಗೆ ಕೂಡ ಇಲ್ಲಿಲ್ಲ. ನಗಬೇಕೋ ಬೇಡವೋ ಎಂಬುದನ್ನು ಪೂರ್ತಿಯಾಗಿ ನೋಡುಗರಿಗೇ ಬಿಟ್ಟಿದ್ದಾರೆ. ಅರವತ್ತು ವರ್ಷಗಳಾದ ಮೇಲೂ ಈ ಧಾರಾವಾಹಿಯನ್ನು ಪ್ರೀತಿಯಿಂದ ನೆನೆಯುವವರು ಇದ್ದಾರೆಂದರೆ ಅದರ ಗುಟ್ಟು ಇಲ್ಲೇ ಇದೆ ಎಂದು ನನಗನಿಸುತ್ತದೆ. ಆ ಗುಟ್ಟನ್ನು ಬಿಡಿಸಿ ಹೇಳಬೇಕೆಂಬುದೇ ಈ ಬರಹದ ಆಸೆ.

ಇಂಥ ನಗೆಗೆ ಇಂಗ್ಲಿಷಿನಲ್ಲಿ 'ಕ್ಯಾಂಪ್' ಎಂಬ ಹೆಸರಿದೆ. ನಮಗೆ ಕ್ಯಾಂಪ್ ಎಂದರೆ ಎನ್‌ಸಿಸಿ ಕ್ಯಾಂಪು, ಕಣ್ಣು ತಪಾಸಣೆಯ ಕ್ಯಾಂಪು. ಈ ಪದಕ್ಕೂ ಅದಕ್ಕೂ ಸಂಬಂಧವಿಲ್ಲ. ಅತಿಯಾದ ಬಣ್ಣ, ಅತಿಯಾದ ಭಾವ, ಅತಿಯಾದ ಆಡಂಬರ ಇರುವ ಕಲೆಯನ್ನು ಆ ಅತಿಗಾಗಿಯೇ ಮೆಚ್ಚಿ ಸವಿಯುವ ರುಚಿಗೆ ಆ ಹೆಸರು. ಬರೀ ಕೆಟ್ಟ ಸಿನಿಮಾ ಕ್ಯಾಂಪ್ ಅಲ್ಲ. ಕೆಟ್ಟ ಸಿನಿಮಾ ಬೇಸರ ತರಿಸುತ್ತದೆ, ಕ್ಯಾಂಪ್ ಖುಷಿ ಕೊಡುತ್ತದೆ. ಅಣಕವೂ ಕ್ಯಾಂಪ್ ಅಲ್ಲ. ಅಣಕಿಸುವವನಿಗೆ ತಾನು ಅಣಕಿಸುತ್ತಿರುವ ವಸ್ತುವಿನ ಮೇಲೆ ತಾತ್ಸಾರ ಇರುತ್ತದೆ, ಕ್ಯಾಂಪ್ ಸವಿಯುವವನಿಗೆ ಅದೇ ವಸ್ತುವಿನ ಮೇಲೆ ಅಕ್ಕರೆ ಇರುತ್ತದೆ.

ಈ ಪದಕ್ಕೆ ಎಲ್ಲರೂ ಮಾತಾಡುವಂಥ ಗೌರವ ತಂದುಕೊಟ್ಟವರು ಲೇಖಕಿ ಸೂಸನ್ ಸಾಂಟಾಗ್. 1964ರಲ್ಲಿ, ಎಂದರೆ ಬ್ಯಾಟ್‌ಮನ್ ಶುರುವಾಗುವ ಎರಡು ವರ್ಷ ಮೊದಲು, ಅವರು ಕ್ಯಾಂಪ್ ಬಗ್ಗೆ ಬರೆದ ಪ್ರಬಂಧ ದೊಡ್ಡ ಚರ್ಚೆ ಹುಟ್ಟುಹಾಕಿತು. ಅವರ ಮುಖ್ಯ ಮಾತು ಇದು: ನಿಜವಾದ ಕ್ಯಾಂಪ್ ಮುಗ್ಧವಾಗಿರುತ್ತದೆ. ಮಾಡಿದವರು ಪೂರಾ ಶ್ರದ್ಧೆಯಿಂದ, ಗಂಭೀರವಾಗಿಯೇ ಮಾಡಿರುತ್ತಾರೆ, ಆದರೆ ಅದು ಅಳತೆ ಮೀರಿ ಹೋಗಿರುತ್ತದೆ. ಬೇಕೆಂದೇ ಕ್ಯಾಂಪ್ ಮಾಡಲು ಹೊರಟರೆ ಅಷ್ಟು ಸೊಗಸು ಬರುವುದಿಲ್ಲ.

ಮುಗ್ಧ ಕ್ಯಾಂಪ್ ಎಂದರೆ ಏನೆಂದು ಕನ್ನಡದ ಓದುಗರಿಗೆ ದೂರದ ಉದಾಹರಣೆ ಬೇಕಿಲ್ಲ. 1997ರಲ್ಲಿ ದೂರದರ್ಶನದಲ್ಲಿ ಶುರುವಾದ 'ಶಕ್ತಿಮಾನ್' ನೆನಪಿಸಿಕೊಳ್ಳಿ. ಗಿರಗಿರನೆ ತಿರುಗುತ್ತ ಬರುವ ಮುಕೇಶ್ ಖನ್ನಾ, ಕತ್ತಲೆಯೇ ಉಳಿಯಲಿ ಎಂದು ಗುಡುಗುವ ಕಿಲ್ವಿಷ್, ಕಂತಿನ ಕೊನೆಯಲ್ಲಿ ಮಕ್ಕಳಿಗೆ ಹೇಳುವ ಬುದ್ಧಿಮಾತು. ಹಿಂದಿ ಅರ್ಧಂಬರ್ಧ ಗೊತ್ತಿದ್ದ ಕರ್ನಾಟಕದ ಮಕ್ಕಳೂ ಟಿವಿಯ ಮುಂದೆ ಅಲುಗಾಡದೆ ಕುಳಿತಿದ್ದೆವು. ಆ ಧಾರಾವಾಹಿ ಮಾಡಿದವರಿಗೆ ನಗಿಸುವ ಉದ್ದೇಶವಿರಲಿಲ್ಲ. ಮಹಾಭಾರತದಲ್ಲಿ ಭೀಷ್ಮನಾಗಿದ್ದ ನಟ ಅದೇ ಭೀಷ್ಮನ ನಿಷ್ಠೆಯಲ್ಲಿ ಶಕ್ತಿಮಾನ್ ಆಗಿದ್ದರು. ಇವತ್ತು ನೋಡಿದರೆ ನಗು ಬರುತ್ತದೆ, ಆದರೆ ಆ ನಗುವಿನಲ್ಲಿ ಪ್ರೀತಿ ತುಂಬಿರುತ್ತದೆ. ಸಾಂಟಾಗ್ ಹೇಳಿದ ಮುಗ್ಧತೆ ಎಂದರೆ ಇದೇ.

1966ರ ಬ್ಯಾಟ್‌ಮನ್ ಹಾಗಲ್ಲ. ಅದನ್ನು ಮಾಡಿದವರಿಗೆ ತಾವು ಏನು ಮಾಡುತ್ತಿದ್ದೇವೆಂದು ಚೆನ್ನಾಗಿ ಗೊತ್ತಿತ್ತು. ಸಾಂಟಾಗ್ ಅವರ ಲೆಕ್ಕದಲ್ಲಿ ಅದು ಸೋಲಬೇಕಿತ್ತು, ಸೋಲಲಿಲ್ಲ. ಯಾಕೆ?

ಮೊದಲು ಅದು ಹುಟ್ಟಿದ ಕಥೆ. ಬಾಬ್ ಕೇನ್ ಮತ್ತು ಬಿಲ್ ಫಿಂಗರ್ 1939ರಲ್ಲಿ ಕಾಮಿಕ್ಸ್‌ಗಾಗಿ ಸೃಷ್ಟಿಸಿದ ಬ್ಯಾಟ್‌ಮನ್ ಕತ್ತಲಲ್ಲಿ ಓಡಾಡುವ, ಭಯ ಹುಟ್ಟಿಸುವ ಆಸಾಮಿ. ಆದರೆ 1954ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ಸಾರ್ವಜನಿಕ ಟೀಕೆಗೆ ಹೆದರಿ ತಮಗೆ ತಾವೇ ಕಟ್ಟುನಿಟ್ಟಿನ ನೀತಿಸಂಹಿತೆ ಹಾಕಿಕೊಂಡರು. ರಕ್ತ, ಭೀತಿ, ಕ್ರೌರ್ಯ ಎಲ್ಲಕ್ಕೂ ಕತ್ತರಿ ಬಿತ್ತು. ಅಲ್ಲಿಂದ ಮುಂದೆ ಬ್ಯಾಟ್‌ಮನ್ ಅನ್ಯಗ್ರಹದವರ ಜೊತೆ ಸೆಣಸಿದ, ಮುಖವಾಡ ತೊಟ್ಟ ನಾಯಿಯೊಂದನ್ನು ಸಾಕಿದ, ಬ್ಯಾಟ್-ಮೈಟ್ ಎಂಬ ತುಂಟ ಕುಳ್ಳನ ಕಾಟ ಅನುಭವಿಸಿದ. ಟಿವಿಯವರು ಗಂಭೀರ ಬ್ಯಾಟ್‌ಮನ್‌ನನ್ನು ಕೆಡಿಸಿದರು ಎಂದು ದೂರುವವರು ಈ ಹತ್ತು ವರ್ಷಗಳನ್ನು ಮರೆಯುತ್ತಾರೆ. ಧಾರಾವಾಹಿ ಬರುವ ಹೊತ್ತಿಗೆ ಕಾಮಿಕ್ಸೇ ಸಾಕಷ್ಟು ಬಣ್ಣಬಣ್ಣದ ತಮಾಷೆಯಾಗಿತ್ತು.

1965ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಯುದ್ಧಕಾಲದಲ್ಲಿ, 1943ರಲ್ಲಿ, ಕೊಲಂಬಿಯಾ ಸಂಸ್ಥೆ ತೆಗೆದಿದ್ದ ಹದಿನೈದು ಅಧ್ಯಾಯಗಳ ಬ್ಯಾಟ್‌ಮನ್ ಚಿತ್ರಮಾಲೆಯನ್ನು ಚಿತ್ರಮಂದಿರಗಳಲ್ಲಿ ಒಂದೇ ಪಟ್ಟಿಗೆ ಮತ್ತೆ ತೋರಿಸತೊಡಗಿದರು. ಕಾಲೇಜು ಹುಡುಗರು ಗುಂಪುಗುಂಪಾಗಿ ಹೋದರು. ಹಳೆಯ ಗಂಭೀರ ಸಂಭಾಷಣೆಗಳಿಗೆ ಬಿದ್ದುಬಿದ್ದು ನಕ್ಕರು. ಮುಗ್ಧ ಕ್ಯಾಂಪಿಗೆ ಮಾರುಕಟ್ಟೆ ಇದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುವಂತಿತ್ತು.

ಆಗಿನ ಮೂರು ದೊಡ್ಡ ವಾಹಿನಿಗಳಲ್ಲಿ ಎಬಿಸಿ ಮೂರನೆಯ ಸ್ಥಾನದಲ್ಲಿತ್ತು. ಹೊಸದೇನಾದರೂ ಬೇಕಿತ್ತು. ಕೆಲಸ ಬಂದದ್ದು ನಿರ್ಮಾಪಕ ವಿಲಿಯಂ ಡೋಜಿಯರ್ ಅವರಿಗೆ. ಅವರು ಕಾಮಿಕ್ಸ್ ಓದಿದವರೇ ಅಲ್ಲ. ಕೆಲವು ಸಂಚಿಕೆ ಕೊಂಡು ವಿಮಾನದಲ್ಲಿ ಕೂತು ಓದಿದ್ದಾಗಿ ಮುಂದೆ ಹೇಳಿಕೊಂಡಿದ್ದಾರೆ. ಇದನ್ನು ಏನು ಮಾಡುವುದಪ್ಪಾ ಎಂದು ತೋಚದೆ ಕೂತಿದ್ದಾಗ ಅವರಿಗೆ ಹೊಳೆದದ್ದು ಇದು: ಇದನ್ನು ಎಷ್ಟು ಗಂಭೀರವಾಗಿ, ಎಷ್ಟು ಸಭ್ಯವಾಗಿ ಮಾಡಬೇಕೆಂದರೆ ದೊಡ್ಡವರಿಗೆ ಅದೇ ತಮಾಷೆಯಾಗಬೇಕು, ಮಕ್ಕಳಿಗೆ ಅದೇ ಸಾಹಸವಾಗಬೇಕು. ಚಿತ್ರಕಥೆಗಾರ ಲೊರೆಂಜೊ ಸೆಂಪಲ್ ಜೂನಿಯರ್ ಈ ಹೊಳಹನ್ನು ಹಿಡಿದು ಮೊದಲ ಕಂತುಗಳನ್ನು ಬರೆದರು, ಧಾರಾವಾಹಿಯ ಧಾಟಿ ಅಲ್ಲೇ ಗಟ್ಟಿಯಾಯಿತು.

ಈಗ ಗುಟ್ಟಿಗೆ ಬರೋಣ. ಬರೆದವರಿಗೆ ಇದು ತಮಾಷೆ ಎಂದು ಗೊತ್ತು, ಬ್ಯಾಟ್‌ಮನ್‌ಗೆ ಗೊತ್ತಿಲ್ಲ. ಇಡೀ ಧಾರಾವಾಹಿ ನಿಂತಿರುವುದು ಈ ಒಂದೇ ಕಟ್ಟಳೆಯ ಮೇಲೆ. ಸಾಂಟಾಗ್ ಕೇಳುವ ಮುಗ್ಧತೆ ಇಲ್ಲಿ ಲೇಖಕರಲ್ಲಿಲ್ಲ, ಪಾತ್ರದೊಳಗಿದೆ. ಕಥೆ ನಡೆಯುವ ಗೋಥಂ ನಗರದ ಒಬ್ಬನಿಗೂ ತಾನು ಹಾಸ್ಯ ನಾಟಕದಲ್ಲಿದ್ದೇನೆ ಎಂಬ ಸುಳಿವಿಲ್ಲ. ಯಾರಾದರೊಬ್ಬರು ಕ್ಯಾಮೆರಾ ಕಡೆ ತಿರುಗಿ ಕಣ್ಣು ಮಿಟುಕಿಸಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು.

1966ರ ಜುಲೈನಲ್ಲಿ ಇದೇ ತಂಡದ ಸಿನಿಮಾ ಬಂತು. ಅದರಲ್ಲಿ ಉರಿಯುವ ಬತ್ತಿಯ ದೊಡ್ಡ ಕರಿ ಗುಂಡಿನಂಥ ಬಾಂಬೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬ್ಯಾಟ್‌ಮನ್ ಬಂದರಿನ ಕಟ್ಟೆಯ ಮೇಲೆ ಓಡುವ ದೃಶ್ಯವಿದೆ. ಎಸೆಯಲು ಒಂದು ಜಾಗ ಬೇಕು. ಈ ಕಡೆ ಓಡಿದರೆ ಕ್ರೈಸ್ತ ಸನ್ಯಾಸಿನಿಯರು, ಆ ಕಡೆ ಓಡಿದರೆ ಮಗುವಿನ ಗಾಡಿ ತಳ್ಳಿಕೊಂಡು ಬರುವ ತಾಯಿ. ತಿರುಗಿದರೆ ವಾದ್ಯ ಬಾರಿಸುತ್ತ ಬರುವ ಮೇಳ. ನೀರಿಗೆ ಹಾಕೋಣವೆಂದರೆ ದೋಣಿಯಲ್ಲಿ ಪ್ರೇಮಿಗಳು. ಸರಿ, ಇನ್ನೊಂದು ಬದಿಗೆ ಹೋದರೆ ಬಾತುಕೋಳಿ ಮರಿಗಳು. ಕೊನೆಗೆ ಒಂದು ಕ್ಷಣ ನಿಂತು, ಕೆಲವು ದಿನ ಒಂದು ಬಾಂಬನ್ನು ಬಿಸಾಕಲೂ ಆಗುವುದಿಲ್ಲ ಎಂದು ನಿಟ್ಟುಸಿರು ಬಿಡುತ್ತಾನೆ.

ಅಕ್ಕನ ಮಗನಿಗೆ ಆರು ವರ್ಷವಿದ್ದಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ದೃಶ್ಯ ನೋಡಿದ್ದೆ. ನಾನು ನಗುತ್ತಿದ್ದೆ. ಅವನು ದಿಂಬನ್ನು ಎದೆಗವಚಿಕೊಂಡು, "ಮಾಮ, ನಗಬೇಡ! ಅದು ಸಿಡಿಯತ್ತೆ!" ಎಂದು ಸಿಟ್ಟಿನಿಂದ ನನ್ನ ಕೈ ಜಗ್ಗಿದ. ಬಾತುಕೋಳಿಗಳು ಕಂಡಾಗ ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು. ಒಂದೇ ಸೋಫಾದ ಮೇಲೆ ಒಬ್ಬನಿಗೆ ಹಾಸ್ಯ, ಇನ್ನೊಬ್ಬನಿಗೆ ಸಾವು ಬದುಕಿನ ಪ್ರಶ್ನೆ. ಇಬ್ಬರೂ ನೋಡುತ್ತಿರುವುದು ಸರಿಯಾಗಿಯೇ. ಆ ದೃಶ್ಯ ಒಳ್ಳೆಯತನವನ್ನು ಹೀಯಾಳಿಸುವುದಿಲ್ಲ. ಒಂದು ಬಾತುಕೋಳಿ ಮರಿಯನ್ನೂ ನೋಯಿಸಲಾರದಷ್ಟು ಒಳ್ಳೆಯವನಾದರೆ ಬಾಂಬು ಹಿಡಿದಾಗ ಎಷ್ಟು ಕಷ್ಟ ಎಂದು ತೋರಿಸುತ್ತದೆ. ಮಗು ಒಳ್ಳೆಯತನವನ್ನು ನೋಡಿತು, ನಾನು ಕಷ್ಟವನ್ನು ನೋಡಿದೆ.

ತರ್ಕಕ್ಕೂ ಇದೇ ಗತಿ. ಅದೇ ಸಿನಿಮಾದಲ್ಲಿ ಖಳರು ಒಗಟು ಕಳಿಸುತ್ತಾರೆ. ಮೇಲೆ ಹೋಗುವಾಗ ಬಿಳಿ, ಕೆಳಗೆ ಬರುವಾಗ ಹಳದಿ ಮತ್ತು ಬಿಳಿ, ಅದೇನು? ಮೊಟ್ಟೆ. ಹದಿನೇಳು ಸೇಬುಗಳನ್ನು ಹದಿನಾರು ಜನಕ್ಕೆ ಸಮವಾಗಿ ಹಂಚುವುದು ಹೇಗೆ? ಬೇಯಿಸಿ ನುಣ್ಣಗೆ ಅರೆದುಬಿಡುವುದು. ಅರೆದ ಸೇಬು ಎಂದರೆ ಎಲ್ಲವೂ ಕಲೆತು ಒಂದಾಗುವುದು, ಮೊಟ್ಟೆ ಎಂದರೆ ಭವಿಷ್ಯದ ಭರವಸೆಯನ್ನೆಲ್ಲ ತುಂಬಿಟ್ಟ ಪಾತ್ರೆ, ಹಾಗಾದರೆ ಅಪಾಯ ಇರುವುದು ವಿಶ್ವದ ರಾಷ್ಟ್ರಗಳೆಲ್ಲ ಒಂದುಗೂಡಿದ ಸಂಸ್ಥೆಗೆ! ಈ ತೀರ್ಮಾನಕ್ಕೆ ಬರುವಾಗ ಒಬ್ಬರ ತುಟಿಯೂ ಅಲುಗುವುದಿಲ್ಲ. ಇನ್ನೂ ಸೊಗಸೆಂದರೆ, ತೀರ್ಮಾನ ಸರಿಯಾಗಿಯೇ ಇರುತ್ತದೆ.

ಬ್ಯಾಟ್‌ಮನ್ ಹೇಳುವ ಬುದ್ಧಿಮಾತುಗಳನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಖಳನ ಬೆನ್ನು ಹತ್ತುವ ಮುನ್ನ ರಾಬಿನ್‌ಗೆ ಸೀಟ್ ಬೆಲ್ಟ್ ನೆನಪಿಸುತ್ತಾನೆ. ಅಮೆರಿಕದಲ್ಲಿ ಕಾರುಗಳಿಗೆ ಸೀಟ್ ಬೆಲ್ಟ್ ಕಡ್ಡಾಯವಾಗಿ ಇರಬೇಕೆಂಬ ನಿಯಮ ಜಾರಿಗೆ ಬಂದದ್ದು 1968ರಲ್ಲಿ, ಬ್ಯಾಟ್‌ಮನ್ ಅದಕ್ಕೂ ಮೊದಲೇ ಹೇಳುತ್ತಿದ್ದ. ಕಳ್ಳನಿಗೆ ಸವಾಲು ಹಾಕುವ ಅವಸರದಲ್ಲಿ ರಾಬಿನ್ ವ್ಯಾಕರಣ ತಪ್ಪಿದರೆ ಬ್ಯಾಟ್‌ಮನ್ ನಿಂತು ತಿದ್ದುತ್ತಾನೆ, ರಾಬಿನ್ ಧನ್ಯವಾದ ಹೇಳುತ್ತಾನೆ, ಆಮೇಲೆ ಕಥೆ ಮುಂದುವರಿಯುತ್ತದೆ.

ಈ ಲೋಕವನ್ನು ಕಟ್ಟಿದ ತಾಂತ್ರಿಕ ಜಾಣ್ಮೆಯೂ ದೊಡ್ಡದು. ಬಣ್ಣದ ಟಿವಿ ಆಗ ತಾನೇ ಅಮೆರಿಕದ ಮನೆಗಳಿಗೆ ಹೆಚ್ಚು ಹೆಚ್ಚಾಗಿ ಬರುತ್ತಿತ್ತು. ನೇರಳೆ, ಹಸಿರು, ಕಿತ್ತಳೆ, ಹಳದಿ, ಎಲ್ಲವನ್ನೂ ಕಾಮಿಕ್ಸ್ ಪುಟದ ಹಾಗೆ ಹಸಿಹಸಿಯಾಗಿ ಬಳಿದರು. ಖಳರ ಅಡ್ಡೆಯನ್ನು ತೋರಿಸುವಾಗ ಕ್ಯಾಮೆರಾವನ್ನೇ ವಾರೆ ಮಾಡಿ ಇಟ್ಟರು, ವಕ್ರಬುದ್ಧಿಯವರ ಮನೆ ವಕ್ರವಾಗಿಯೇ ಕಾಣಬೇಕು ಎಂಬ ಲೆಕ್ಕ. ಹೊಡೆದಾಟದಲ್ಲಿ ಏಟು ಬಿದ್ದಾಗಲೆಲ್ಲ 'ಪೌ', 'ಝ್ಯಾಪ್' ಎಂಬ ಅಕ್ಷರಗಳು ಪರದೆಯ ಮೇಲೆ ಸಿಡಿಯುತ್ತಿದ್ದವು. ಮೊದಲ ಸರಣಿಯಲ್ಲಿ ಆ ಅಕ್ಷರಗಳನ್ನು ದೃಶ್ಯದ ಮೇಲೆಯೇ ಮೂಡಿಸುತ್ತಿದ್ದರು. ಆಮೇಲೆ ಖರ್ಚು ಉಳಿಸಲು ಅಕ್ಷರಗಳ ಚಿತ್ರವನ್ನೇ ನಡುವೆ ತುರುಕತೊಡಗಿದರು. ಇಬ್ಬರೂ ಹಗ್ಗ ಹಿಡಿದು ಗೋಡೆ ಹತ್ತುವ ದೃಶ್ಯಕ್ಕೆ ಗೋಡೆಯನ್ನು ನೆಲಕ್ಕೆ ಮಲಗಿಸಿ, ಕ್ಯಾಮೆರಾವನ್ನು ಅಡ್ಡ ತಿರುಗಿಸಿ, ಹೊದಿಕೆ ಇಳಿಬಿದ್ದಂತೆ ಕಾಣಲು ಅದನ್ನು ದಾರದಿಂದ ಎಳೆದು ಹಿಡಿಯುತ್ತಿದ್ದರು. ಹತ್ತುವಾಗ ಒಂದು ಕಿಟಕಿ ತೆರೆದು ಯಾರಾದರೂ ಪ್ರಸಿದ್ಧರು ತಲೆ ಹೊರಹಾಕಿ ಮಾತಾಡಿಸುವರು. ಮೊದಲು ಹಾಗೆ ಇಣುಕಿದವರು ಹಾಸ್ಯನಟ ಜೆರ್ರಿ ಲೂಯಿಸ್.

ಬ್ಯಾಟ್‌ಮನ್‌ನ ಅಡಗುತಾಣವಾದ ಗುಹೆಯೊಳಗಿನ ಪ್ರತಿಯೊಂದು ಯಂತ್ರಕ್ಕೂ ಹೆಸರಿನ ಫಲಕ ಇರುತ್ತಿತ್ತು. ಹೆಲಿಕಾಪ್ಟರ್ ಏಣಿಗೆ ಜೋತುಬಿದ್ದ ಬ್ಯಾಟ್‌ಮನ್‌ನ ಕಾಲನ್ನು ಶಾರ್ಕ್ ಕಚ್ಚಿದಾಗ ರಾಬಿನ್ ಮೇಲಿನಿಂದ ಶಾರ್ಕ್ ಓಡಿಸುವ ಸ್ಪ್ರೇ ಕೊಡುತ್ತಾನೆ. ಪಕ್ಕದಲ್ಲೇ ತಿಮಿಂಗಿಲಕ್ಕೆ ಬೇರೆ, ಬರಾಕುಡಾಕ್ಕೆ ಬೇರೆ ಡಬ್ಬಿಗಳು ಸಾಲಾಗಿ ಇವೆ. ಈ ಮನುಷ್ಯ ಎಲ್ಲದಕ್ಕೂ ಮೊದಲೇ ಸಿದ್ಧನಾಗಿರುತ್ತಾನೆ ಎಂಬುದು ಮಕ್ಕಳಿಗೆ ಎಷ್ಟು ನೆಮ್ಮದಿ ಕೊಡುತ್ತಿತ್ತೆಂದು ನನಗೆ ಊಹಿಸಬರುತ್ತದೆ.

ಕಾರಿನ ಕಥೆಯೇ ಬೇರೆ. 1955ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಕೈಯಿಂದ ಕಟ್ಟಿದ್ದ ಲಿಂಕನ್ ಫ್ಯೂಚುರಾ ಎಂಬ ಪ್ರದರ್ಶನದ ಕಾರು, ಕಾರುಗಳಿಗೆ ಹೊಸ ರೂಪ ಕೊಡುತ್ತಿದ್ದ ಜಾರ್ಜ್ ಬ್ಯಾರಿಸ್ ಅವರ ಬಳಿ ಇತ್ತು. ಅವರು ಕೆಲವೇ ವಾರಗಳಲ್ಲಿ ಅದನ್ನು ಕೆಂಪು ಗೆರೆಯ ಕಪ್ಪು ಬ್ಯಾಟ್‌ಮೊಬೈಲ್ ಮಾಡಿದರು. 2013ರ ಜನವರಿಯಲ್ಲಿ ಅದು ಹರಾಜಿಗೆ ಬಂದಾಗ 42 ಲಕ್ಷ ಡಾಲರಿನ ಕೂಗು ಬಿತ್ತು. ಟೈಟಲ್ ಸಂಗೀತ ನೀಲ್ ಹೆಫ್ಟಿ ಅವರದು. ಬ್ಲೂಸ್ ಸಂಗೀತದ ಹನ್ನೆರಡು ಲಯಖಂಡಗಳ ಚೌಕಟ್ಟಿನ ಮೇಲೆ ನಿಂತ ಆ ಹಾಡಿಗೆ ಸಾಹಿತ್ಯವೆಂದರೆ ನಾಯಕನ ಹೆಸರು ಮಾತ್ರ. ಒಮ್ಮೆ ಕೇಳಿದವರ ಕಿವಿಯಿಂದ ಅದು ಹೋಗುವುದಿಲ್ಲ. ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ವಾರಕ್ಕೆ ಎರಡು ಕಂತು. ಬುಧವಾರ ರಾತ್ರಿ ಏಳೂವರೆಗೆ ಅರ್ಧ ಕಥೆ, ಗುರುವಾರ ಅದೇ ಹೊತ್ತಿಗೆ ಉಳಿದರ್ಧ. ಬುಧವಾರದ ಕೊನೆಯಲ್ಲಿ ಇಬ್ಬರೂ ಯಾವುದೋ ಭಯಂಕರ ಯಂತ್ರಕ್ಕೆ ಸಿಕ್ಕಿಬಿದ್ದಿರುತ್ತಾರೆ. ಒಮ್ಮೆ ಐಸ್ ಕ್ಯಾಂಡಿಯಾಗಿ ಹೆಪ್ಪುಗಟ್ಟಬೇಕು, ಇನ್ನೊಮ್ಮೆ ಬೀಗದ ಕೈ ಕೊರೆಯುವ ಯಂತ್ರದಲ್ಲಿ ಕೊರೆಸಿಕೊಳ್ಳಬೇಕು. ಅಂಚೆ ಚೀಟಿಗಳ ಕಥೆಯೊಂದರಲ್ಲೇ 'ಗ್ರೀನ್ ಹಾರ್ನೆಟ್' ಧಾರಾವಾಹಿಯ ಕೇಟೋ ಪಾತ್ರದಲ್ಲಿ ಬ್ರೂಸ್ ಲೀ ಬಂದು ರಾಬಿನ್ ಎದುರು ಸೆಣಸಿದ್ದು, ಆ ಕಾಳಗದಲ್ಲಿ ಯಾರೂ ಗೆಲ್ಲಲಿಲ್ಲ. ಕಂತಿನ ಕೊನೆಗೆ ಆವೇಶದ ದನಿಯೊಂದು, ನಾಳೆ ಇದೇ ಬ್ಯಾಟ್-ಹೊತ್ತಿಗೆ, ಇದೇ ಬ್ಯಾಟ್-ಚಾನೆಲ್‌ಗೆ ಬನ್ನಿ ಎಂದು ಕರೆಯುತ್ತಿತ್ತು. ಆ ದನಿ ನಿರ್ಮಾಪಕ ಡೋಜಿಯರ್ ಅವರದ್ದೇ.

ಇಷ್ಟೆಲ್ಲ ಇದ್ದೂ, ಬ್ಯಾಟ್‌ಮನ್ ಪಾತ್ರಕ್ಕೆ ಬೇರೆ ನಟ ಬಂದಿದ್ದರೆ ಧಾರಾವಾಹಿ ಕುಸಿಯುತ್ತಿತ್ತು ಎಂದು ನಾನು ನಂಬಿದ್ದೇನೆ. ಆಡಂ ವೆಸ್ಟ್ ಹುಟ್ಟಿದ್ದು 1928ರಲ್ಲಿ, ವಾಷಿಂಗ್ಟನ್ ರಾಜ್ಯದ ವಾಲಾ ವಾಲಾ ಎಂಬ ಊರಿನಲ್ಲಿ. ಹುಟ್ಟುಹೆಸರು ವಿಲಿಯಂ ವೆಸ್ಟ್ ಆಂಡರ್ಸನ್. ಚಾಕೊಲೇಟ್ ಪಾನೀಯದ ಜಾಹೀರಾತೊಂದರಲ್ಲಿ ಗೂಢಚಾರನ ಪಾತ್ರವನ್ನು ಗಂಭೀರವಾಗಿ ಆಡಿ ನಗಿಸಿದ್ದು ಡೋಜಿಯರ್ ಕಣ್ಣಿಗೆ ಬಿತ್ತು. ಪಾತ್ರ ಸಿಕ್ಕಿತು.

ಅವರ ಅಭಿನಯವನ್ನು ಗಮನವಿಟ್ಟು ನೋಡಿ. ವಾಕ್ಯದ ಮಧ್ಯೆ, ಯಾರೂ ನಿಲ್ಲದ ಜಾಗದಲ್ಲಿ ನಿಲ್ಲುತ್ತಾರೆ. ತೋರುಬೆರಳು ಮೇಲೇಳುತ್ತದೆ. ದನಿ ಮೆಲ್ಲಗಾಗುತ್ತದೆ. ಆಮೇಲೆ ಉಳಿದ ಮಾತು ಒಂದೇ ಉಸಿರಿಗೆ ಬಂದುಬಿಡುತ್ತದೆ. ಯೋಚನೆ ಈ ಕ್ಷಣದಲ್ಲೇ ಹುಟ್ಟುತ್ತಿದೆ ಎಂಬ ಭಾವನೆ ಬರುತ್ತದೆ. ನೆನಪಿಡಿ, ಮುಖದ ಮುಕ್ಕಾಲು ಪಾಲು ಮುಸುಕಿನೊಳಗಿದೆ. ಉಳಿದಿರುವುದು ಬಾಯಿ, ಗಲ್ಲ, ದನಿ ಮಾತ್ರ. ಅಷ್ಟರಲ್ಲೇ ಅವರು ಒಬ್ಬ ಪೂರ್ತಿ ಮನುಷ್ಯನನ್ನು ಕಟ್ಟಿದ್ದಾರೆ: ಸೌಜನ್ಯದ, ಸ್ವಲ್ಪ ಒಂಟಿಯಾದ, ಒಳ್ಳೆಯದನ್ನು ನಿಜವಾಗಿಯೂ ನಂಬುವ ಮನುಷ್ಯ. ನಗಿಸಲು ಮುಖ ತಿರುಚುವುದು ಸುಲಭ. ನೂರಿಪ್ಪತ್ತು ಕಂತು ಮುಖ ಸಡಿಲಿಸದೆ ನಗಿಸುವುದು ಎಷ್ಟು ಕಷ್ಟದ ಕೆಲಸ ಎಂಬುದು ರಂಗದ ಮೇಲೆ ಒಮ್ಮೆಯಾದರೂ ನಿಂತವರಿಗೆ ಗೊತ್ತಿರುತ್ತದೆ.

ರಾಬಿನ್ ಆದ ಬರ್ಟ್ ವಾರ್ಡ್‌ಗೆ ಆಗ ಇಪ್ಪತ್ತು ವರ್ಷ. ನಟನೆಯ ಅನುಭವವಿರಲಿಲ್ಲ, ಕರಾಟೆ ಗೊತ್ತಿತ್ತು. ವಾರಕ್ಕೆ 350 ಡಾಲರ್ ಸಂಬಳ. ಅನುಭವವಿಲ್ಲದ್ದೇ ಅವರ ಆಸ್ತಿಯಾಯಿತು, ಮುಷ್ಟಿಯನ್ನು ಅಂಗೈಗೆ ಗುದ್ದಿಕೊಂಡು ಬೆರಗು ಪಡುವ ರಾಬಿನ್‌ನ ಹುರುಪು ಕಲಿತು ಬರುವಂಥದ್ದಲ್ಲ. ರಾಬಿನ್‌ನ ಮುಖವಾಡ ಕಣ್ಣಿನ ಸುತ್ತ ಮಾತ್ರ ಇದ್ದುದರಿಂದ ಡೂಪ್ ಹಾಕಿದರೆ ಗೊತ್ತಾಗಿಬಿಡುತ್ತಿತ್ತು, ಹಾಗಾಗಿ ಅಪಾಯದ ಎಷ್ಟೋ ದೃಶ್ಯಗಳನ್ನು ವಾರ್ಡ್ ತಾವೇ ಮಾಡಬೇಕಾಯಿತು, ಗಾಯಗೊಂಡು ಆಸ್ಪತ್ರೆ ಸೇರಿದ್ದೂ ಉಂಟು.

ನಾಯಕರಿಬ್ಬರೂ ಕಲ್ಲಿನಂತೆ ನಿಂತಾಗ ಖಳರಿಗೆ ಎಷ್ಟು ಬೇಕಾದರೂ ಕುಣಿಯುವ ಅವಕಾಶ. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸುತ್ತ ರಂಗಕ್ಕೆ ಬರುವ ಹಾಗೆ ಇಲ್ಲಿ ಖಳರು ಬರುತ್ತಿದ್ದರು. ಜೋಕರ್ ಆದ ಸೀಸರ್ ರೊಮೆರೊ ಹಾಲಿವುಡ್‌ನ ಹಳೆಯ ಪ್ರಣಯ ನಾಯಕ, ಮೀಸೆ ಅವರ ಗುರುತು. ಅದನ್ನು ಬೋಳಿಸಲು ಒಪ್ಪಲಿಲ್ಲ. ಬಿಳಿ ಬಣ್ಣವನ್ನು ಮೀಸೆಯ ಮೇಲೇ ಬಳಿದರು. ಹತ್ತಿರದ ದೃಶ್ಯಗಳಲ್ಲಿ ಅದು ಈಗಲೂ ಸ್ಪಷ್ಟವಾಗಿ ಕಾಣುತ್ತದೆ, ಆ ಜೋಕರ್‌ನ ಮೇಲಿನ ಪ್ರೀತಿಗೆ ಅದೂ ಒಂದು ಕಾರಣ. ಪೆಂಗ್ವಿನ್ ಆದ ಬರ್ಜೆಸ್ ಮೆರೆಡಿತ್ ಸಿಗರೇಟು ಬಿಟ್ಟು ವರ್ಷಗಳಾಗಿತ್ತು. ಪಾತ್ರದ ಉದ್ದನೆಯ ಸಿಗರೇಟಿನ ಹೊಗೆ ಗಂಟಲಿಗೆ ಸಿಕ್ಕಿ ಕೆಮ್ಮು ಬರುತ್ತಿತ್ತು. ಆ ಕೆಮ್ಮನ್ನು ಮುಚ್ಚಲು ಅವರು 'ಕ್ವಾಕ್ ಕ್ವಾಕ್' ಎಂಬ ನಗೆಯನ್ನು ಹುಟ್ಟಿಸಿಕೊಂಡರು, ಅದೇ ಪೆಂಗ್ವಿನ್‌ನ ಗುರುತಾಯಿತು. ಫ್ರ್ಯಾಂಕ್ ಗೋರ್ಶಿನ್ ಅನುಕರಣೆಯಲ್ಲಿ ಪಳಗಿದ ಕಲಾವಿದ. ಕಾಮಿಕ್ಸ್‌ನಲ್ಲಿ ಅಷ್ಟೇನೂ ಹೆಸರಿಲ್ಲದಿದ್ದ ರಿಡ್ಲರ್‌ನನ್ನು ಅವರು ಚಿಗರೆಯಂತೆ ಕುಪ್ಪಳಿಸಿ, ಕೀರಲು ನಗೆ ನಕ್ಕು ಮೊದಲ ಸಾಲಿನ ಖಳನನ್ನಾಗಿ ಮಾಡಿದರು. ಅವರಿಗೆ ಟಿವಿ ಲೋಕದ ಎಮ್ಮಿ ಪ್ರಶಸ್ತಿಯ ನಾಮನಿರ್ದೇಶನ ಸಿಕ್ಕಿತು.

ಕ್ಯಾಟ್‌ವುಮನ್ ಮೊದಲು ಜೂಲಿ ನ್ಯೂಮರ್. ಉಡುಪಿನ ಪಟ್ಟಿಯನ್ನು ಸೊಂಟದಿಂದ ಕೆಳಗಿಳಿಸಿ ಅದರ ರೂಪವನ್ನು ತಾವೇ ತಿದ್ದಿಕೊಂಡವರು. ಸಿನಿಮಾದಲ್ಲಿ ಲೀ ಮೆರಿವೆದರ್ ಆ ಪಾತ್ರ ಮಾಡಿದರು. 1967ರಲ್ಲಿ, ಮೂರನೆಯ ಸರಣಿಗೆ, ಗಾಯಕಿ ಅರ್ಥಾ ಕಿಟ್ ಬಂದರು. ಕಪ್ಪು ಮಹಿಳೆಯೊಬ್ಬರು ಅಂಥ ಪಾತ್ರದಲ್ಲಿ ಅಮೆರಿಕದ ಮನೆಮನೆಗೆ ಬರುವುದು ಆಗ ಸಣ್ಣ ಮಾತಾಗಿರಲಿಲ್ಲ. ನ್ಯೂಮರ್ ಕಾಲದಲ್ಲಿ ಬ್ಯಾಟ್‌ಮನ್ ಜೊತೆ ಇದ್ದ ಪ್ರಣಯದ ಎಳೆ ಕಿಟ್ ಬಂದ ಮೇಲೆ ಕಾಣಲಿಲ್ಲ, ಅದನ್ನೂ ಗಮನಿಸಬೇಕು. ಆದರೆ ಬೆಕ್ಕು ಗುರುಗುಟ್ಟಿದಂತೆ ರಕಾರವನ್ನು ಉರುಳಿಸುವ ಅವರ ದನಿಯ ಮುಂದೆ ಯಾವ ದೃಶ್ಯವೂ ಅವರ ಕೈತಪ್ಪಿ ಹೋಗುತ್ತಿರಲಿಲ್ಲ. 1968ರ ಜನವರಿಯಲ್ಲಿ ಶ್ವೇತಭವನದ ಊಟದ ಕೂಟದಲ್ಲಿ ಅಧ್ಯಕ್ಷರ ಪತ್ನಿಯ ಎದುರೇ ವಿಯೆಟ್ನಾಂ ಯುದ್ಧವನ್ನು ಖಂಡಿಸಿ ಮಾತಾಡಿದರು ಕಿಟ್. ಅದಾದ ಮೇಲೆ ಅಮೆರಿಕದಲ್ಲಿ ಅವರಿಗೆ ವರ್ಷಗಟ್ಟಲೆ ಕೆಲಸ ಸಿಗುವುದು ಕಷ್ಟವಾಯಿತು.

ಅದೇ ಸರಣಿಗೆ ಬ್ಯಾಟ್‌ಗರ್ಲ್ ಆಗಿ ಬಂದವರು ಯವಾನ್ ಕ್ರೇಗ್. ಬ್ಯಾಲೆ ನರ್ತಕಿ. ಹೆಣ್ಣುಮಗಳು ಗುದ್ದುವುದು ಸರಿಯಲ್ಲ ಎಂದು ನಿರ್ಮಾಪಕರು ಮುಷ್ಟಿ ಬಳಸಲು ಬಿಡಲಿಲ್ಲ, ಅವರು ನೃತ್ಯದಂತೆ ಕಾಲೆತ್ತಿ ಒದ್ದೇ ಗೆದ್ದರು. ಮುಂದೆ 1970ರ ದಶಕದಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಗಾಗಿ ತೆಗೆದ ಕಿರುಚಿತ್ರವೊಂದರಲ್ಲಿ ಇದೇ ವೇಷ ತೊಟ್ಟರು. ಬಾಂಬಿನ ಪಕ್ಕ ಕಟ್ಟಿಹಾಕಿರುವ ಬ್ಯಾಟ್‌ಮನ್ ಎದುರು ನಿಂತು, ರಾಬಿನ್‌ಗೆ ಸಿಗುವಷ್ಟೇ ಸಂಬಳ ನನಗೂ ಸಿಗಬೇಕು ಎಂದು ಕೇಳುವ ದೃಶ್ಯ ಅದು.

ಹಾಗಾದರೆ ಧಾರಾವಾಹಿ ನಿಂತದ್ದು ಯಾಕೆ? 1966ರ ಮಾರ್ಚ್‌ನಲ್ಲಿ 'ಲೈಫ್' ಪತ್ರಿಕೆಯ ಮುಖಪುಟದಲ್ಲಿ ಹಾರಿದ ಬ್ಯಾಟ್‌ಮನ್ ಎರಡೇ ವರ್ಷದಲ್ಲಿ ಮರೆಯಾದ. ಎರಡನೆಯ ಸರಣಿಗೆ ಅರವತ್ತು ಕಂತು ತೆಗೆದರು. ಒಂದೇ ಅಚ್ಚಿನ ಕಥೆ, ಒಂದೇ ಅಚ್ಚಿನ ಬಲೆ. ದೊಡ್ಡವರ ನಗೆಗೆ ಅನಿರೀಕ್ಷಿತ ಬೇಕು, ಅದು ಬತ್ತಿತು. ಮಕ್ಕಳಿಗೆ ಪುನರಾವರ್ತನೆಯೇ ಇಷ್ಟ, ಆದರೆ ಮಕ್ಕಳನ್ನಷ್ಟೇ ನಂಬಿ ಇಷ್ಟು ದುಬಾರಿ ಧಾರಾವಾಹಿ ನಡೆಯುವುದಿಲ್ಲ. ಮೂರನೆಯ ಸರಣಿ ವಾರಕ್ಕೊಂದೇ ಕಂತಾಯಿತು, ಸೆಟ್ಟುಗಳು ಬಡವಾದವು. 1968ರ ಮಾರ್ಚ್ 14ಕ್ಕೆ, ನೂರಿಪ್ಪತ್ತನೆಯ ಕಂತಿನೊಂದಿಗೆ ಮುಗಿಯಿತು.

ನಟರ ಪಾಲಿಗೆ ಆಮೇಲಿನ ವರ್ಷಗಳು ಕಠಿಣ. ವೆಸ್ಟ್ ಅವರನ್ನು ಬೇರೆ ಪಾತ್ರಕ್ಕೆ ಕರೆಯುವವರು ತೀರಾ ಕಡಿಮೆಯಾದರು, ಮುಖ ನೋಡಿದರೆ ಬ್ಯಾಟ್‌ಮನ್ ಕಾಣುತ್ತಾನೆ ಎಂಬ ಕಾರಣಕ್ಕೆ. ಕಾರು ಪ್ರದರ್ಶನಗಳಲ್ಲಿ, ಜಾತ್ರೆಯಂಥ ಮೇಳಗಳಲ್ಲಿ ಹಳೆಯ ವೇಷ ತೊಟ್ಟು ನಿಂತು ಹೊಟ್ಟೆ ಹೊರೆದರು. ಕಾಮಿಕ್ಸ್ ಅಭಿಮಾನಿಗಳಲ್ಲಿ ಕೆಲವರಿಗಂತೂ ಅವರ ಮೇಲೆ ಕೋಪ. ಮೈಕೆಲ್ ಉಸ್ಲಾನ್ ಎಂಬ ಹುಡುಗ ಮೊದಲ ಕಂತು ನೋಡಿ, ಜಗತ್ತು ತನ್ನ ನಾಯಕನನ್ನು ನೋಡಿ ನಗುತ್ತಿದೆಯಲ್ಲ ಎಂದು ನೊಂದು, ಎಂದಾದರೂ ಗಂಭೀರ ಬ್ಯಾಟ್‌ಮನ್‌ನನ್ನು ತೆರೆಗೆ ತರುತ್ತೇನೆಂದು ಪಣ ತೊಟ್ಟ. 1979ರಲ್ಲಿ ಜೊತೆಗಾರನೊಂದಿಗೆ ಸಿನಿಮಾ ಹಕ್ಕು ಕೊಂಡ. 1989ರ ಸಿನಿಮಾ ಅದರ ಫಲ. ಆ ನೋವು ನನಗೆ ಅರ್ಥವಾಗುತ್ತದೆ. ಆದರೂ ಒಂದು ಮಾತು: ಆ ಹುಡುಗ ನೊಂದದ್ದು ತನ್ನ ನಾಯಕನಿಗಾಗಿ. ವೆಸ್ಟ್ ಆ ನಾಯಕನನ್ನು ಎಂದೂ ಹಗುರವಾಗಿ ಕಾಣಲಿಲ್ಲ.

1992ರಲ್ಲಿ ಬ್ಯಾಟ್‌ಮನ್ ಅನಿಮೇಷನ್ ಸರಣಿ ಬಂತು, ಗಂಭೀರ ಧಾಟಿಯದ್ದು. ಅದರ ಒಂದು ಕಂತಿನಲ್ಲಿ ಸೈಮನ್ ಟ್ರೆಂಟ್ ಎಂಬ ವಯಸ್ಸಾದ ನಟ ಬರುತ್ತಾನೆ. ಒಂದು ಕಾಲಕ್ಕೆ ಟಿವಿಯಲ್ಲಿ 'ಗ್ರೇ ಘೋಸ್ಟ್' ಎಂಬ ನಾಯಕನಾಗಿದ್ದವನು, ಈಗ ಕೆಲಸವಿಲ್ಲ, ಬಾಡಿಗೆಗೆ ದುಡ್ಡಿಲ್ಲ, ಹಳೆಯ ವೇಷವನ್ನೂ ಮಾರಬೇಕಾಗಿ ಬಂದಿದೆ. ಬ್ಯಾಟ್‌ಮನ್ ಅವನ ಸಹಾಯ ಕೇಳಿಕೊಂಡು ಬರುತ್ತಾನೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕೂತು ಗ್ರೇ ಘೋಸ್ಟ್ ನೋಡುತ್ತಿದ್ದೆ, ನೀನೇ ನನಗೆ ಆದರ್ಶವಾಗಿದ್ದೆ ಎಂದು ಕೊನೆಗೆ ಹೇಳುತ್ತಾನೆ. ಆ ಮುದಿ ನಟನಿಗೆ ದನಿ ಕೊಟ್ಟವರು ಆಡಂ ವೆಸ್ಟ್. ಕಾರ್ಟೂನ್ ನೋಡಿ ನನ್ನ ಕಣ್ಣು ತುಂಬಿದ್ದು ಅದೊಂದೇ ಸಲ.

ಅಲ್ಲಿಂದ ಗಾಳಿ ಬದಲಾಯಿತು. 2000ದ ನಂತರ 'ಫ್ಯಾಮಿಲಿ ಗೈ' ಕಾರ್ಟೂನ್‌ನಲ್ಲಿ ತಮ್ಮದೇ ಹೆಸರಿನ ಮೇಯರ್ ಪಾತ್ರಕ್ಕೆ ವೆಸ್ಟ್ ದನಿ ಕೊಟ್ಟರು, ಹೊಸ ತಲೆಮಾರಿಗೆ ಆ ದನಿ ಪರಿಚಯವಾಯಿತು. 2012ರಲ್ಲಿ ಹಾಲಿವುಡ್‌ನ ಕಾಲುದಾರಿಯಲ್ಲಿ ಅವರ ಹೆಸರಿನ ನಕ್ಷತ್ರ ಬಂತು, ಬರ್ಟ್ ವಾರ್ಡ್‌ದು 2020ರಲ್ಲಿ. ಹಕ್ಕುಗಳ ತಗಾದೆಯಲ್ಲಿ ದಶಕಗಳ ಕಾಲ ಸಿಕ್ಕಿಬಿದ್ದಿದ್ದ ಧಾರಾವಾಹಿ 2014ರಲ್ಲಿ ಡಿವಿಡಿಯಾಗಿ ಸಿಕ್ಕಿತು. 2016ರಲ್ಲಿ ವೆಸ್ಟ್, ವಾರ್ಡ್, ನ್ಯೂಮರ್ ಮೂವರೂ ಅದೇ ಧಾಟಿಯ ಅನಿಮೇಷನ್ ಚಿತ್ರಕ್ಕೆ ದನಿ ಕೊಡಲು ಒಟ್ಟಿಗೆ ಸೇರಿದರು.

2017ರ ಜೂನ್ 9ರಂದು, ಎಂಬತ್ತೆಂಟರ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರ್‌ನಿಂದ ಆಡಂ ವೆಸ್ಟ್ ತೀರಿಕೊಂಡರು. ಆರು ದಿನಗಳ ನಂತರ ಲಾಸ್ ಏಂಜಲಿಸ್ ನಗರಸಭೆಯ ಎತ್ತರದ ಕಟ್ಟಡದ ಎದುರು ರಾತ್ರಿ ಜನ ಸೇರಿದರು. ಹೊದಿಕೆ ಹೊದ್ದವರು, ಮುಸುಕು ತೊಟ್ಟವರು, ಮಕ್ಕಳನ್ನು ಕರೆತಂದವರು. ನಗರದ ಮೇಯರ್ ಮತ್ತು ಪೊಲೀಸ್ ಮುಖ್ಯಸ್ಥರು, ಧಾರಾವಾಹಿಯ ಪೊಲೀಸ್ ಕಮಿಷನರ್ ಗಾರ್ಡನ್ ನಿಲ್ಲುತ್ತಿದ್ದಷ್ಟೇ ಗಂಭೀರವಾಗಿ ನಿಂತು, ಕಥೆಯಲ್ಲಿ ಬ್ಯಾಟ್‌ಮನ್‌ನನ್ನು ಕರೆಯಲು ಬಳಸುವಂಥ ದೀಪ ಹೊತ್ತಿಸಿದರು. ಬಿಳಿಯ ಗೋಡೆಯ ಮೇಲೆ ಬಾವಲಿಯ ಗುರುತು ಮೂಡಿತು.